ನೆರಳಿಗೆ ಅಳತೆ: ಮಾಲ್ಟಾದಲ್ಲಿ ಎಂಟು ರೀಲು

(ಊರಿನ ಛಾಯಾಗ್ರಾಹಕರ ಕೂಟದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದರಿಂದ ಅಲ್ಲಲ್ಲಿ ಚಿತ್ರವನ್ನೂ ಮಾತಿನಲ್ಲೇ ತುಂಬಿಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಡಬ್ಬಿಯನ್ನು ಮುಂದಿನ ಸಾಲಿನಿಂದ ಕೈದಾಟಿಸಿಬಿಡಿ. ಒಳಗೆ ಎಂಟು ಕಾಂಟ್ಯಾಕ್ಟ್ ಶೀಟುಗಳಿವೆ, ಅಂದರೆ ಒಂದೊಂದು ರೀಲಿನ ಚಿತ್ರಗಳನ್ನೆಲ್ಲ ಸಣ್ಣ ಚೌಕಗಳಾಗಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿದ್ದು, ಜೊತೆಗೆ ಒಂದು ಭೂತಗನ್ನಡಿ ಇದೆ. ಶೀಟು ಯಾರಾದರೂ ಇಟ್ಟುಕೊಂಡರೂ ಬೇಸರವಿಲ್ಲ, ಭೂತಗನ್ನಡಿ ಮಾತ್ರ ವಾಪಸ್ ಬರಬೇಕು. ಅದು ಎರವಲು ತಂದದ್ದು.

ರಜೆಗೆ ಮಾಲ್ಟಾಕ್ಕೆ ಹೋಗುತ್ತೇವೆ, ರೀಲು ಕ್ಯಾಮೆರಾ ಒಂದನ್ನೇ ಒಯ್ಯುತ್ತೇನೆ ಅಂದಾಗ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ, ಬಂದ ಮೇಲೆ ಫೋಟೋ ಬರಲಿಲ್ಲ ಅಂದರೆ? ನ್ಯಾಯವಾದ ಪ್ರಶ್ನೆ. ಬಣ್ಣದ ರೀಲಿನ ಬೆಲೆ, ತೊಳೆಸುವ ಕೂಲಿ, ಸ್ಕ್ಯಾನ್ ಎಲ್ಲ ಸೇರಿ ನನ್ನ ಲೆಕ್ಕದಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 50 ರೂಪಾಯಿ ಬಿತ್ತು. ಎಂಟು ರೀಲು, ಮೂವತ್ತಾರರಂತೆ 288 ಕ್ಲಿಕ್ಕು. ನಮ್ಮನೆಯವರು ಫೋನಿನಲ್ಲಿ ಮೊದಲ ದಿನ ಸಂಜೆಯೊಳಗೇ ಅಷ್ಟು ತೆಗೆದಿದ್ದರು.

ರೀಲೇ ಶ್ರೇಷ್ಠ ಅಂತ ವಾದ ಮಾಡಲು ನಾನಿಲ್ಲಿ ನಿಂತಿಲ್ಲ. ಆ ವಾದ ಕೇಳಿ ಕೇಳಿ ನನಗೂ ಸಾಕಾಗಿದೆ. ನನ್ನ ಕ್ಯಾಮೆರಾದ ಕಥೆ ಬೇರೆ. ಅದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಕಂಪನಿ ಅದನ್ನು ಹೆಚ್ಚುಕಡಿಮೆ ಹಾಗೇ ಮಾಡುತ್ತಲೇ ಬಂತು. ಬ್ಯಾಟರಿ ಬೇಕಾದದ್ದು ಬೆಳಕಿನ ಮೀಟರಿಗೆ ಮಾತ್ರ, ಬ್ಯಾಟರಿ ಸತ್ತರೂ ಶಟರ್ ಬೀಳುತ್ತದೆ. ಇದು ನನ್ನ ಸೋದರಮಾವನ ಕ್ಯಾಮೆರಾ. ಅವರು ತೀರ್ಥಹಳ್ಳಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದರು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ ಅಂತ ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಡುತ್ತಿದ್ದರು. ಅತ್ತೆ ಅಕ್ಕಿ ತೆಗೆಯಲು ಕೈ ಹಾಕಿದಾಗಲೆಲ್ಲ ಜಗಳ. ಆಗೆಲ್ಲ ಅವರು ತುಂಬುತ್ತಿದ್ದದ್ದು 'ಇಂದು' ಅನ್ನುವ ಹೆಸರಿನ ರೀಲು. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅಂತ ಸರ್ಕಾರಿ ಕಾರ್ಖಾನೆ ಇತ್ತಲ್ಲ, 1960ರಲ್ಲಿ ಶುರುವಾದದ್ದು, ಅಲ್ಲಿಯ ಮಾಲು. ಇಲ್ಲಿ ತಲೆ ನರೆತವರು ಕೆಲವರು ನಗುತ್ತಿದ್ದೀರಿ, ಹಾಗಾದರೆ ನೀವೂ ಅದನ್ನು ತೊಳೆದವರೇ.

ಮಾವ ಮದುವೆ ಫೋಟೋಕ್ಕೆ ನನ್ನನ್ನು ಫ್ಲ್ಯಾಶ್ ಹಿಡಿಯಲು ಕರೆದೊಯ್ಯುತ್ತಿದ್ದರು. ಚಪ್ಪರದ ಕೆಳಗೆ ಕತ್ತಲು, ಆಚೆ ಸುಡುವ ಬಿಸಿಲು. ಮೀಟರಿನ ಮುಳ್ಳು ಎತ್ತ ಹೋಗಬೇಕೆಂದು ತಿಳಿಯದೆ ಒದ್ದಾಡುವ ಜಾಗ. ಆಗ ಅವರು ಹೇಳುತ್ತಿದ್ದ ಮಾತು: "ಬಿಸಿಲು ತನ್ನನ್ನ ತಾನೇ ನೋಡ್ಕೊಳ್ತದೆ ಮಾರಾಯ, ನೀನು ನೆರಳು ನೋಡು." ಮದುಮಗಳ ಕೂದಲಿನಲ್ಲಿ ಎಳೆ ಎಳೆ ಕಾಣಬೇಕು, ಚಪ್ಪರದ ಆಚೆ ಬೆಳ್ಳಗಾದರೆ ಆಗಲಿ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಮೆಡಿಟರೇನಿಯನ್ ಸಮುದ್ರದ ಮಧ್ಯಕ್ಕೆ ಹೋಗಬೇಕಾಯಿತು ಅನ್ನುವುದು ಮಾತ್ರ ಸ್ವಲ್ಪ ದುಬಾರಿ ವಿಷಯ.

ಮಾಲ್ಟಾ ಅಂದರೆ ಮೂರು ಮುಖ್ಯ ದ್ವೀಪಗಳು: ಮಾಲ್ಟಾ, ಗೋಜೋ, ನಡುವೆ ಪುಟಾಣಿ ಕೊಮಿನೊ. ಎಲ್ಲ ಸೇರಿ 316 ಚದರ ಕಿಲೋಮೀಟರ್, ಬೆಂಗಳೂರು ಮಹಾನಗರದ ಅರ್ಧವೂ ಇಲ್ಲ. ಸಿಸಿಲಿಯ ದಕ್ಷಿಣಕ್ಕೆ, ಸಮುದ್ರದ ನಟ್ಟನಡುವೆ ಇರುವುದರಿಂದ ಹೋಗಿಬರುವ ಹಡಗಿನವರೆಲ್ಲ ಅದರ ಮೇಲೆ ಕಣ್ಣು ಹಾಕಿದರು. ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಸೇಂಟ್ ಜಾನ್ ಪಂಥದ ಯೋಧರಿಗೆ ಇಡೀ ದ್ವೀಪಗಳನ್ನು ಬಿಟ್ಟುಕೊಟ್ಟ. ಗೇಣಿ ಎಷ್ಟು ಗೊತ್ತಾ? ವರ್ಷಕ್ಕೊಂದು ಡೇಗೆ ಹಕ್ಕಿ. 1565ರಲ್ಲಿ ಆಟೋಮನ್ ಸೈನ್ಯ ಮುತ್ತಿಗೆ ಹಾಕಿ ಸೋತು ಹೋಯಿತು. ಗೆದ್ದ ಪಂಥದ ಗುರು ಜಾನ್ ದ ವಾಲೆಟ್ 1566ರಲ್ಲಿ ಹೊಸ ಊರಿಗೆ ಕಲ್ಲು ಹಾಕಿದ, ಅದೇ ವ್ಯಾಲೆಟ್ಟಾ. ಮುಂದೆ ನೆಪೋಲಿಯನ್, ಆಮೇಲೆ ಬ್ರಿಟಿಷರು, 1964ರಲ್ಲಿ ಸ್ವಾತಂತ್ರ್ಯ. ಇತಿಹಾಸ ಇಷ್ಟು ಸಾಕು, ಉಳಿದದ್ದನ್ನು ಕಲ್ಲೇ ಹೇಳುತ್ತದೆ.

ಆ ಕಲ್ಲಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಗ್ಲೋಬಿಜೆರಿನಾ ಅನ್ನುವ ಸುಣ್ಣದ ಕಲ್ಲು. ಕಣ್ಣಿಗೆ ಕಾಣದಷ್ಟು ಸಣ್ಣ ಸಮುದ್ರಜೀವಿಗಳ ಚಿಪ್ಪು ಲಕ್ಷಾಂತರ ವರ್ಷ ತಳದಲ್ಲಿ ಕೂತು ಗಟ್ಟಿಯಾದದ್ದು. ಅಲ್ಲಿಯವರು ಫ್ರಾಂಕಾ ಅನ್ನುತ್ತಾರೆ. ಗಣಿಯಿಂದ ತೆಗೆದಾಗ ಮೆತ್ತಗೆ, ಗರಗಸದಲ್ಲಿ ಕೊಯ್ಯಬಹುದು. ಗಾಳಿಗೆ ಬಿದ್ದ ಮೇಲೆ ಗಡುಸಾಗುತ್ತದೆ. ಬಣ್ಣ ಜೇನಿನದು. ಸುಮಾರು ಐದೂವರೆ ಸಾವಿರ ವರ್ಷದ ಹಿಂದಿನ ದೇವಾಲಯದಿಂದ ಹಿಡಿದು ಕೋಟೆ, ಇಗರ್ಜಿ, ಬಸ್ಸಿಗೆ ಕಾಯುವವರ ಹಿಂದಿನ ಗೋಡೆಯವರೆಗೆ ಎಲ್ಲ ಒಂದೇ ಕಲ್ಲು. ಊರು ನೆಲದ ಮೇಲೆ ಕಟ್ಟಿದ್ದು ಅಂತ ಅನಿಸುವುದಿಲ್ಲ, ನೆಲವೇ ಎದ್ದು ನಿಂತ ಹಾಗೆ.

ಈಗ ಮೊದಲ ಶೀಟಿನ ಮೊದಲ ಸಾಲು ನೋಡಿ. ವ್ಯಾಲೆಟ್ಟಾದ ಊರಬಾಗಿಲು, ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊಸದಾಗಿ ಮಾಡಿದ ಬಾಗಿಲು. ಜೇನುಬಣ್ಣ ಎಲ್ಲಿದೆ? ಹಳೇ ಸಿಮೆಂಟಿನ ಬಣ್ಣ ಬಂದಿದೆ. ಏನಾಯಿತೆಂದರೆ, ನಾನು ಶಿಸ್ತಾಗಿ ಮೀಟರಿನ ಮುಳ್ಳನ್ನು ಮಧ್ಯಕ್ಕೆ ತಂದು ಒತ್ತಿದೆ. ಮೀಟರಿಗೆ ಜಗತ್ತೆಲ್ಲ ಒಂದು ಮಧ್ಯಮ ಬೂದುಬಣ್ಣ ಅನ್ನುವುದೊಂದೇ ತಿಳಿವಳಿಕೆ. ಬಿಸಿಲಲ್ಲಿ ಹೊಳೆಯುವ ಸುಣ್ಣದ ಕಲ್ಲನ್ನು ತೋರಿಸಿದರೆ, ಇದು ತೀರಾ ಬೆಳಕಾಯಿತು ಎಂದು ಅದನ್ನೂ ಬೂದಿಗೆ ಎಳೆದುಹಾಕುತ್ತದೆ. ಕಲ್ಲೇ ಹೀಗಾದರೆ ನೆರಳಿನ ಗತಿ ಏನು? ಆ ಬಾಗಿಲಿನ ನೆರಳಲ್ಲಿ ನಿಂತ ಜನ ಬರೀ ಕಪ್ಪು ಗೊಂಬೆಗಳು. ಇದು ಗೊತ್ತಾದದ್ದು ಊರಿಗೆ ಬಂದು ತೊಳೆಸಿದ ಮೇಲೆ. ಎರಡನೇ ದಿನ ಬೆಳಿಗ್ಗೆ ಮಾವನ ಮಾತು ನೆನಪಾಗಿದ್ದು ನನ್ನ ಪುಣ್ಯ.

ರೀಲಿನ ಗುಣ ಇಲ್ಲಿದೆ. ನೆಗೆಟಿವಿನಲ್ಲಿ ಬೆಳಕು ಬಿದ್ದ ಕಡೆ ದಟ್ಟವಾಗುತ್ತದೆ, ನೆರಳಿನ ಕಡೆ ತಿಳಿಯಾಗಿ ಉಳಿಯುತ್ತದೆ. ದಟ್ಟವಾದದ್ದರೊಳಗಿಂದ ಪ್ರಿಂಟ್ ಹಾಕುವಾಗ ಏನಾದರೂ ಹೊರತೆಗೆಯಬಹುದು, ಸ್ವಲ್ಪ ಹೆಚ್ಚು ಹೊತ್ತು ಬೆಳಕು ಕೊಟ್ಟರಾಯಿತು. ತಿಳಿಯಾದ ಕಡೆ ಏನೂ ಇಲ್ಲದಿದ್ದರೆ ಇಲ್ಲ, ದೇವರು ಬಂದರೂ ಇಲ್ಲ. ಡಿಜಿಟಲ್‌ನಲ್ಲಿ ಇದು ತಿರುವುಮುರುವು. ಅಲ್ಲಿ ಬಿಳುಪು ಸುಟ್ಟುಹೋದರೆ ಮುಗಿಯಿತು, ಕಪ್ಪಿನಿಂದ ಮಾತ್ರ ಏನಾದರೂ ಎತ್ತಬಹುದು. ಫೋನಿನಿಂದ ರೀಲಿಗೆ ಬರುವ ಹುಡುಗರು ಎಡವುವುದೇ ಇಲ್ಲಿ. ಬಿಳುಪು ಉಳಿಸಿಕೊಳ್ಳುವ ಅಭ್ಯಾಸದಲ್ಲಿ ನೆರಳು ಕಳೆದುಕೊಳ್ಳುತ್ತಾರೆ.

ಹಾಗಾಗಿ ಎರಡನೇ ದಿನದಿಂದ ನಾನು ಮಾಡಿದ್ದಿಷ್ಟು. ನೆರಳಿನ ಹತ್ತಿರ ಹೋಗುವುದು, ಕ್ಯಾಮೆರಾದ ಕಣ್ಣಿನಲ್ಲಿ ಬರೀ ನೆರಳು ತುಂಬುವ ಹಾಗೆ ಹಿಡಿದು ಮುಳ್ಳು ನೋಡುವುದು. ಬಣ್ಣದ ನೆಗೆಟಿವ್ ಆದರೆ ಅದೇ ಅಳತೆಯಲ್ಲಿ ಒತ್ತುವುದು, ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೆ ಅರ್ಧ) ಹೆಚ್ಚು ಬೆಳಕನ್ನು ಅದು ಮುಖ ಸಿಂಡರಿಸದೆ ನುಂಗುತ್ತದೆ. ಕಪ್ಪುಬಿಳುಪಾದರೆ ಅಲ್ಲಿಂದ ಎರಡು ಸ್ಟಾಪ್ ಕಡಿಮೆ. ಹಾಗೆ ಮಾಡಿದರೆ ನೆರಳು ನೆರಳಾಗಿಯೇ ಉಳಿಯುತ್ತದೆ, ಒಳಗೆ ಏನಿದೆ ಅನ್ನುವುದೂ ಕಾಣುತ್ತದೆ. ಸ್ಲೈಡ್ ಫಿಲ್ಮ್, ಅಂದರೆ ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ರೀಲು, ಹಾಕಿಕೊಂಡು ಈ ಆಟ ಆಡಬೇಡಿ, ಅದು ಡಿಜಿಟಲ್ಲಿಗಿಂತ ಮುಂಗೋಪಿ.

ಯಾವ ರೀಲು ಅಂತ ಹಿಂದಿನಿಂದ ಯಾರೋ ಕೇಳಿದರು. ಐದು ಬಣ್ಣ, ಮೂರು ಕಪ್ಪುಬಿಳುಪು. ಬಣ್ಣದಲ್ಲಿ ಕೊಡಾಕ್ ಗೋಲ್ಡ್ 200. 200 ಅನ್ನುವುದು ರೀಲಿನ ವೇಗ, ಬೆಳಕಿಗೆ ಅದು ಎಷ್ಟು ಚುರುಕು ಅನ್ನುವ ಅಳತೆ. ಅಲ್ಲಿಯ ಬಿಸಿಲಿಗೆ 200 ಧಾರಾಳ. ನಮ್ಮ ಹಳೇ ಸೂತ್ರ ಇದೆಯಲ್ಲ, ಬಿಸಿಲಿನಲ್ಲಿ ಲೆನ್ಸಿನ ಕಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ ರೀಲಿನ ವೇಗವನ್ನೇ ಶಟರಿಗೆ ಕೊಡುವುದು, ಅದರ ಪ್ರಕಾರ 200ರ ರೀಲಿಗೆ ಹತ್ತಿರದ 1/250 ಸೆಕೆಂಡು. 400ರ ರೀಲು ಹಾಕಿದರೆ ಮಧ್ಯಾಹ್ನ ಈ ಕ್ಯಾಮೆರಾದ ಕೊನೇ ವೇಗ 1/1000ಕ್ಕೆ ಹೋದರೂ ಎಫ್ 11ಕ್ಕಿಂತ ತೆರೆಯುವ ಹಾಗಿಲ್ಲ. ಹಿನ್ನೆಲೆ ಮಸುಕಾಗಿಸುವ ಆಸೆ ಇದ್ದರೆ ಬಿಟ್ಟುಬಿಡಬೇಕು. ಕಪ್ಪುಬಿಳುಪಿಗೆ ಇಲ್ಫರ್ಡ್ ಎಚ್‌ಪಿ5, ಅದು 400. ಅದರ ಮುಂದೆ ಕಿತ್ತಳೆ ಫಿಲ್ಟರ್ ಹಾಕಿದೆ. ಫಿಲ್ಟರ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಇಲ್ಲಿ ಅದೂ ಅನುಕೂಲವೇ. ಕಿತ್ತಳೆ ಗಾಜು ನೀಲಿಯನ್ನು ತಡೆಯುತ್ತದೆ, ಹಳದಿಯನ್ನು ಬಿಡುತ್ತದೆ. ಆಕಾಶ ಕಪ್ಪಾಗಿ ಹಿಂದೆ ಸರಿದು ಜೇನುಬಣ್ಣದ ಗೋಡೆ ಒಳಗೆ ದೀಪ ಹಚ್ಚಿಟ್ಟ ಹಾಗೆ ಮುಂದೆ ಬರುತ್ತದೆ. ಮೂರನೇ ಶೀಟಿನ ಕೋಟೆಗೋಡೆಗಳು ಹಾಗೆ ಬಂದದ್ದು. ಅದರಲ್ಲಿ ನನ್ನ ಕೈಚಳಕಕ್ಕಿಂತ ಗಾಜಿನ ಕೆಲಸವೇ ಹೆಚ್ಚು.

ಪ್ರಯಾಣದ ಬಗ್ಗೆ ಒಂದು ಎಚ್ಚರಿಕೆ. ತೊಳೆಯದ ರೀಲನ್ನು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಯಾವತ್ತೂ ಇಡಬೇಡಿ. ಕೈಚೀಲಕ್ಕೂ ಈಗ ಹಲವು ಕಡೆ ಆಸ್ಪತ್ರೆಯ ಸಿ.ಟಿ. ಯಂತ್ರದಂಥದೇ ಸ್ಕ್ಯಾನರ್ ಬಂದಿದೆ, ಅದರಲ್ಲಿ ಹೋದರೆ ರೀಲಿಗೆ ಮಂಜು ಕವಿಯುತ್ತದೆ, ಕೊಡಾಕ್ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. ರೀಲುಗಳನ್ನು ಡಬ್ಬಿಯಿಂದ ತೆಗೆದು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಕೈಯಲ್ಲಿ ನೋಡಿಕೊಡಿ ಅಂತ ನಗುಮುಖದಲ್ಲಿ ಕೇಳಬೇಕು. ನನಗೆ ದಾರಿಯಲ್ಲಿ ಒಂದು ಕಡೆ ಒಪ್ಪಿದರು, ಒಂದು ಕಡೆ ಹುಡುಗ ಅಧಿಕಾರಿ ರೀಲನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ "ಇದರಲ್ಲಿ ಏನಿದೆ" ಅಂತ ಕೇಳಿದ. ಇನ್ನೂ ಏನೂ ಇಲ್ಲ ಅಂದೆ. ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ವ್ಯಾಲೆಟ್ಟಾ ಬೀದಿಗಳು ಚದುರಂಗದ ಮಣೆಯ ಗೆರೆಗಳಂತೆ ನೇರ. ಫ್ರಾನ್ಸೆಸ್ಕೊ ಲಾಪರೆಲ್ಲಿ ಅನ್ನುವ ಎಂಜಿನಿಯರ್ ಹಾಕಿದ ನಕ್ಷೆ. ಬೆನ್ನುಗುಡ್ಡದ ಮೇಲಿನಿಂದ ಎರಡೂ ಕಡೆ ಸಮುದ್ರಕ್ಕೆ ಇಳಿಯುತ್ತವೆ, ಇಳಿಜಾರು ಹೆಚ್ಚಾದ ಕಡೆ ಬೀದಿಯೇ ಮೆಟ್ಟಿಲು. ಬೀದಿ ಕಿರಿದು, ಮನೆ ಎತ್ತರ. ಒಂದು ಬದಿಯ ಮೇಲಂತಸ್ತು ಬಿಸಿಲಿನಲ್ಲಿ ಉರಿಯುತ್ತಿದ್ದರೆ ಕೆಳಗೆ ತಣ್ಣನೆ ನೀಲಿ ನೆರಳು. ಗೋಡೆಯಿಂದ ಹೊರಚಾಚಿದ ಮರದ ಮುಚ್ಚು ಜಗಲಿಗಳು, ಗಲ್ಲರಿಯಾ ಅನ್ನುತ್ತಾರೆ, ಹಸಿರು, ಕೆಂಪು, ನೀಲಿ ಬಣ್ಣ ಬಳಿದವು. ನೆರಳಿಗೆ ಅಂತ ಒಂದು ಮಾತೂ ಅಲ್ಲಿ ಕಲಿತೆ: ದೆಲ್. ಬೆಳಕಿಗೆ ದೌಲ್. ಮಾಲ್ಟೀಸ್ ಅರಬಿಯ ದಾಯಾದಿ ಭಾಷೆ, ಬರೆಯುವುದು ಮಾತ್ರ ರೋಮನ್ ಲಿಪಿಯಲ್ಲಿ. ಇಗರ್ಜಿಯಲ್ಲಿ ಮೊಣಕಾಲೂರಿ ದೇವರನ್ನು 'ಅಲ್ಲಾ' ಅಂತ ಕರೆಯುವ ಕ್ಯಾಥೊಲಿಕ್ ಜನ ಅವರು. ಫೋಟೋಕ್ಕೆ 'ರಿತ್ರಾತ್', ಅದು ಇಟಲಿಯ ಕಡೆಯಿಂದ ಬಂದದ್ದು.

ನಾಲ್ಕನೇ ಶೀಟಿನ 34ನೇ ಚೌಕ ನೋಡಿ. ಅದನ್ನೊಂದು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಬಂದರಿನ ಆಚೆ ದಡದಲ್ಲಿ ಬಿರ್ಗು ಅಂತ ಊರು, ಯೋಧರು ವ್ಯಾಲೆಟ್ಟಾ ಕಟ್ಟುವ ಮೊದಲು ಇದ್ದ ಜಾಗ. ಬೆಳಿಗ್ಗೆ ಒಂಬತ್ತರ ಹೊತ್ತು. ಸಣ್ಣ ಓಣಿಯಲ್ಲಿ ಬ್ರೆಡ್ಡಿನ ವ್ಯಾನು ಬಂದು ಹಾರ್ನ್ ಹೊಡೆಯಿತು. ಮೂರನೇ ಅಂತಸ್ತಿನ ಹಸಿರು ಗಲ್ಲರಿಯಾದ ಕಿಟಕಿ ತೆರೆಯಿತು, ಹಗ್ಗಕ್ಕೆ ಕಟ್ಟಿದ ಬುಟ್ಟಿ ನಿಧಾನಕ್ಕೆ ಇಳಿಯತೊಡಗಿತು. ನನ್ನ ರೀಲಿನಲ್ಲಿ ಮೂರು ಉಳಿದಿದ್ದವು. ಡಿಜಿಟಲ್ ಆಗಿದ್ದರೆ ಬುಟ್ಟಿ ಹೊರಟಲ್ಲಿಂದ ಟಕಟಕ ಹೊಡೆದುಕೊಂಡು ಹೋಗುತ್ತಿದ್ದೆ. ಮೂರೇ ಇರುವಾಗ ಯೋಚಿಸಬೇಕು: ಬುಟ್ಟಿ ಇಳಿಯುವಾಗ ತೆಗೆಯಲೋ, ಬ್ರೆಡ್ಡು ಹಾಕುವಾಗಲೋ, ಏರುವಾಗಲೋ? ಎದುರುಗೋಡೆಯ ಬಿಸಿಲು ಒಂದು ಗೆರೆಯಾಗಿ ಎರಡನೇ ಅಂತಸ್ತಿನವರೆಗೆ ಇಳಿದಿತ್ತು, ಕೆಳಗೆಲ್ಲ ನೆರಳು. ನಾನು ಗೋಡೆಯ ನೆರಳಿಗೆ ಅಳತೆ ಹಿಡಿದು ಸಿದ್ಧವಾಗಿ ನಿಂತೆ. ಬುಟ್ಟಿ ಇಳಿಯಿತು. ಅಂಗಡಿಯವನು ಎರಡು ದುಂಡು ಬ್ರೆಡ್ಡು ಹಾಕಿ ಚಿಲ್ಲರೆ ತೆಗೆದುಕೊಂಡ, ಮೇಲೆ ನೋಡಿ ಏನೋ ಹೇಳಿದ, ಮೇಲಿನಿಂದ ಹೆಂಗಸಿನ ನಗು ಕೇಳಿಸಿತು. ಬುಟ್ಟಿ ಏರತೊಡಗಿತು. ನೆರಳು ದಾಟಿ ಬಿಸಿಲಿನ ಗೆರೆಗೆ ಬಂದ ಕ್ಷಣ ಒತ್ತಿದೆ. ಚಿತ್ರದಲ್ಲಿ ಅರ್ಧ ಬುಟ್ಟಿ ಬಿಸಿಲಲ್ಲಿದೆ, ಅರ್ಧ ನೆರಳಲ್ಲಿ. ನೆರಳಿನ ಅರ್ಧದಲ್ಲೂ ಬೆತ್ತದ ಹೆಣಿಗೆ ಎಣಿಸಬಹುದು, ಭೂತಗನ್ನಡಿ ಬಂದಾಗ ನೋಡಿ. ಹೆಂಗಸು ಕಾಣುವುದಿಲ್ಲ, ಮಣಿಕಟ್ಟು ಮಾತ್ರ. ಉಳಿದ ಎರಡನ್ನು ವ್ಯಾನಿನ ಮೇಲೆ ವ್ಯರ್ಥ ಮಾಡಿದೆ.

ನೆಗೆಟಿವಿಗೂ ಈ ದ್ವೀಪಕ್ಕೂ ಹಳೇ ನಂಟು ಅಂತ ಹೋಗುವ ಮುಂಚೆ ಓದಿಕೊಂಡಿದ್ದೆ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ನೆಗೆಟಿವ್ ಮಾಡುವ ಕ್ಯಾಲೊಟೈಪ್ ಪದ್ಧತಿಗೆ ಪೇಟೆಂಟ್ ಪಡೆದದ್ದು 1841ರಲ್ಲಿ. ಅವನ ಬಳಗದ ವೇಲ್ಸ್ ಪಾದ್ರಿ ಕ್ಯಾಲ್ವರ್ಟ್ ಜೋನ್ಸ್ 1845ರ ಕೊನೆಗೆ ಆ ಸರಂಜಾಮು ಹೊತ್ತುಕೊಂಡು ಮಾಲ್ಟಾಕ್ಕೆ ಬಂದ. ಅಂದರೆ ನೆಗೆಟಿವ್ ಅನ್ನುವುದು ಹುಟ್ಟಿ ಅಂಬೆಗಾಲಿಡುವಾಗಲೇ ವ್ಯಾಲೆಟ್ಟಾದ ಬೀದಿ ಅದರಲ್ಲಿ ಮೂಡಿಯಾಗಿತ್ತು. ಜೋನ್ಸನದು ಇನ್ನೊಂದು ಚಮತ್ಕಾರ. ಒಂದು ನೆಗೆಟಿವಿಗೆ ನೋಟ ಸಾಲದಿದ್ದರೆ ಕ್ಯಾಮೆರಾ ಸ್ವಲ್ಪ ತಿರುಗಿಸಿ, ಅಂಚು ಒಂದರ ಮೇಲೊಂದು ಬರುವ ಹಾಗೆ ಎರಡನೆಯದನ್ನು ತೆಗೆದು, ಪ್ರಿಂಟ್ ಹಾಕಿ ಜೋಡಿಸುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಸೇಂಟ್ ಜಾನ್ ಮಹಾ ಇಗರ್ಜಿಗೆ ಹೊರಗಿನಿಂದ ನೋಡಿದರೆ ಗೋದಾಮಿನ ಮುಖ. ಒಳಗೆ ಹೋದರೆ ಚಿನ್ನ ಬಿಟ್ಟು ಬೇರೇನೂ ಕಾಣುವುದಿಲ್ಲ. ನೆಲದ ತುಂಬ ಯೋಧರ ಗೋರಿಗಳು, ಬಣ್ಣಬಣ್ಣದ ಅಮೃತಶಿಲೆ ಕೂರಿಸಿದ ಸುಮಾರು 400 ಚಪ್ಪಡಿಗಳು. ಚೂಪು ಹಿಮ್ಮಡಿ ಚಪ್ಪಲಿಗೆ ಪ್ರವೇಶವಿಲ್ಲ. ಆದರೆ ನನಗೆ ಅಲ್ಲಿ ಬೇಕಾಗಿದ್ದದ್ದು ಪಕ್ಕದ ಪ್ರಾರ್ಥನಾ ಮಂದಿರದ ಕರವಾಜೊ. ರೋಮಿನಲ್ಲಿ ಕೊಲೆ ಮಾಡಿ ತಲೆಮರೆಸಿಕೊಂಡ ಚಿತ್ರಕಾರ 1607ರಲ್ಲಿ ಇಲ್ಲಿಗೆ ಬಂದ, ಮರುವರ್ಷ ಯೋಧನ ಪದವಿ ಗಿಟ್ಟಿಸಿದ, ಸ್ನಾನಿಕ ಯೋಹಾನನ ಶಿರಚ್ಛೇದವನ್ನು ಬರೆದ. ಐದು ಮೀಟರಿಗಿಂತ ಅಗಲದ ಚಿತ್ರ. ಅವನು ಸಹಿ ಹಾಕಿದ್ದು ಇದೊಂದಕ್ಕೇ, ಅದೂ ಯೋಹಾನನ ಕತ್ತಿನಿಂದ ಹರಿದ ರಕ್ತದಲ್ಲಿ. ಅದೇ ವರ್ಷ ಮತ್ತೆ ಜಗಳ, ಸೆರೆ, ಸೇಂಟ್ ಆಂಜೆಲೊ ಕೋಟೆಯಿಂದ ಪರಾರಿ. ಡಿಸೆಂಬರ್‌ನಲ್ಲಿ ಪಂಥದವರು ಅವನನ್ನು ಕೊಳೆತ ಅಂಗವೆಂದು ಹೊರಹಾಕಿದರು. ಆ ಸಭೆ ಸೇರಿದ್ದು ಇದೇ ಮಂದಿರದಲ್ಲಿ, ಅವನ ಚಿತ್ರದ ಎದುರಿಗೇ.

ನಾನು ಕ್ಯಾಮೆರಾ ಎತ್ತಲಿಲ್ಲ. ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಜನರೆಲ್ಲ ಎಡಗಡೆ ಒಂದು ಗುಂಪಾಗಿದ್ದಾರೆ, ಬಲಗಡೆ ಕಿಟಕಿ ಸರಳಿನ ಹಿಂದೆ ಇಬ್ಬರು ಕೈದಿಗಳು ಇಣುಕುತ್ತಾರೆ, ಉಳಿದ ಅರ್ಧಕ್ಕಿಂತ ಹೆಚ್ಚು ಬರೀ ಗೋಡೆ, ಬರೀ ನೆರಳು. ಕಪ್ಪು ಅಂದುಕೊಂಡರೆ ಕಪ್ಪಲ್ಲ. ನೋಡುತ್ತಾ ಕೂತರೆ ಕಂದು ಬರುತ್ತದೆ, ಕಲ್ಲಿನ ಸಂದು ಬರುತ್ತದೆ, ತೂಗುಬಿದ್ದ ಹಗ್ಗ ಕಾಣುತ್ತದೆ. ಮಾವ ಈ ಚಿತ್ರವನ್ನು ನೋಡಿದ್ದರೆ ಏನನ್ನುತ್ತಿದ್ದರೋ. ಬಹುಶಃ ಪ್ರಿಂಟ್ ಚೆನ್ನಾಗಿ ಹಾಕಿದ್ದಾನೆ ಅನ್ನುತ್ತಿದ್ದರು.

ಕ್ಯಾಮೆರಾ ಎತ್ತದ ಇನ್ನೊಂದು ಜಾಗ ಹಾಲ್ ಸಫ್ಲಿಯೇನಿಯ ನೆಲಮಾಳಿಗೆ. ಅಲ್ಲಿ ಎತ್ತಲು ಬಿಡುವುದೇ ಇಲ್ಲ, ಚೀಲವನ್ನೂ ಕ್ಯಾಮೆರಾವನ್ನೂ ಬೀರುವಿನಲ್ಲಿಟ್ಟು ಒಳಗೆ ಹೋಗಬೇಕು. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಗೆಯುವಾಗ ಸಿಕ್ಕಿದ್ದು. ಬಂಡೆಯೊಳಗೆ ಅಂತಸ್ತಿನ ಕೆಳಗೆ ಅಂತಸ್ತಾಗಿ ಕೊರೆದ ಶವಾಗಾರ, ಐದು ಸಾವಿರ ವರ್ಷಕ್ಕೂ ಹಳೆಯದು, ಸುಮಾರು 7,000 ಜನರ ಎಲುಬು ಅಲ್ಲಿತ್ತಂತೆ. ಛಾವಣಿಯಲ್ಲಿ ಕೆಮ್ಮಣ್ಣಿನ ಸುರುಳಿಗಳು. ನಮ್ಮ ಉಸಿರಿನ ತೇವಕ್ಕೂ ದೀಪಕ್ಕೂ ಆ ಬಣ್ಣ ಅಳಿಯುತ್ತದೆಂದು ದಿನಕ್ಕೆ ಕೆಲವೇ ಜನರನ್ನು ಸಣ್ಣ ಗುಂಪುಗಳಲ್ಲಿ ಬಿಡುತ್ತಾರೆ. ಬಹಳ ಮುಂಚೆಯೇ ಟಿಕೆಟ್ ಮಾಡಿಸಿ, ಇಲ್ಲದಿದ್ದರೆ ಬಾಗಿಲಿನಿಂದ ವಾಪಸ್. ಒಂದೊಂದೇ ದೀಪ ಹತ್ತಿ ಆರುತ್ತದೆ. ಕೈ ಅಭ್ಯಾಸಬಲದಿಂದ ಎದೆಯ ಮೇಲೆ ಇಲ್ಲದ ಕ್ಯಾಮೆರಾ ಹುಡುಕುತ್ತಿತ್ತು. 1/8 ಸೆಕೆಂಡು, ಎಫ್ 2 ಅಂತ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಈ ಚಾಳಿಗೆ ಮದ್ದಿಲ್ಲ.

ಮಾರ್ಸಾಶ್ಲಾಕ್ ಬಂದರನ್ನು ಬೇಗ ದಾಟಿಸುತ್ತೇನೆ. ಮೂತಿಯ ಎರಡೂ ಕಡೆ ಕಣ್ಣು ಬರೆದ ಬಣ್ಣದ ದೋಣಿಗಳು, ಲುತ್ಸು ಅಂತ ಹೆಸರು, ಫಿನೀಷಿಯನ್ನರ ಕಾಲದ ಪದ್ಧತಿ ಅನ್ನುತ್ತಾರೆ. ಹೋದವರೆಲ್ಲ ತೆಗೆಯುವ ಚಿತ್ರವನ್ನೇ ನಾನೂ ಒಂದು ರೀಲು ತೆಗೆದಿದ್ದೇನೆ. ಐದನೇ ಶೀಟು. ಕ್ಯಾಲೆಂಡರಿಗೆ ಆಗುತ್ತದೆ.

ಈಗ ನನ್ನ ಮಾನ ಹೋದ ಕಥೆ. ಗೋಜೋ ದ್ವೀಪಕ್ಕೆ ದೊಡ್ಡ ದೋಣಿಯಲ್ಲಿ 25 ನಿಮಿಷ. ಅದರ ಪಶ್ಚಿಮ ದಂಡೆಯಲ್ಲಿ ಡ್ವೇಯ್ರಾ ಅನ್ನುವ ಜಾಗದಲ್ಲಿ ಸಮುದ್ರದೊಳಗೆ ಕಾಲೂರಿದ ಒಂದು ಕಲ್ಲಿನ ಕಮಾನಿತ್ತು, ನೀಲಿ ಕಿಟಕಿ ಅಂತ ಜಗತ್ತಿಗೆಲ್ಲ ಗೊತ್ತಿದ್ದದ್ದು. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕಮಾನೂ ಅದರ ಕಂಬವೂ ಒಟ್ಟಿಗೆ ಕುಸಿದು ನೀರಿನಡಿ ಸೇರಿದವು. ಈಗ ಅಲ್ಲಿ ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ತೆಗೆಯಬೇಕು ಅನ್ನುವುದು ನನ್ನ ಘನ ಯೋಜನೆ. ಇಡೀ ಒಂದು ಕಪ್ಪುಬಿಳುಪು ರೀಲು ಅದಕ್ಕೇ ಮೀಸಲು.

ಬಸ್ಸಿನಿಂದ ಇಳಿಯುವ ಅವಸರದಲ್ಲಿ ರೀಲು ತುಂಬಿದೆ. ಕಿತ್ತಳೆ ಫಿಲ್ಟರ್, ಕಪ್ಪು ಆಕಾಶ, ಖಾಲಿ ದಿಗಂತ. ಪಕ್ಕದಲ್ಲಿ ನಿಂತ ಅಣಬೆ ಬಂಡೆ ಅನ್ನುವ ದಿಬ್ಬ. ಅಲ್ಲಿ ಬೆಳೆಯುವ ಒಂದು ಗಿಡ ಮದ್ದಿಗೆ ಬರುತ್ತದೆಂದು ಯೋಧರು ಅದಕ್ಕೆ ಕಾವಲು ಹಾಕಿದ್ದರು, ಪಾಪ, ಅದು ಅಣಬೆಯೂ ಅಲ್ಲ. ಸುರಂಗದೊಳಗಿಂದ ಕಡಲಿಗೆ ಹೋಗುವ ಸಣ್ಣ ದೋಣಿಗಳು, ದಡದಲ್ಲಿ ಗಿರಾಕಿಗೆ ಕಾಯುತ್ತ ಇಸ್ಪೀಟು ಆಡುವ ದೋಣಿಯವರು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ನೆರಳು ಅಳೆದದ್ದಿಲ್ಲ. ಎಣಿಕೆ 36 ಆಯಿತು. ರೀಲು ಮುಗಿದಾಗ ಅದನ್ನು ಮುಂದೆ ಎಳೆಯುವ ಲಿವರ್ ಬಿಗಿಯಾಗಿ ನಿಲ್ಲಬೇಕು. ನನ್ನದು ಬೆಣ್ಣೆ ಕಡೆದ ಹಾಗೆ ತಿರುಗುತ್ತಲೇ ಇತ್ತು.

ಗೊತ್ತಿದ್ದವರು ಆಗಲೇ ತಲೆ ಮೇಲೆ ಕೈ ಇಟ್ಟುಕೊಂಡಿದ್ದೀರಿ. ಹೋಟೆಲಿಗೆ ಬಂದು ಬಟ್ಟೆ ಕಪಾಟಿನೊಳಗೆ ತಲೆ ತೂರಿಸಿ ಹಿಂಬಾಗಿಲು ತೆರೆದೆ. ಕೈಗೆ ಸಿಕ್ಕಿತು. ರೀಲಿನ ನಾಲಿಗೆ ಸುತ್ತುವ ಉರುಳೆಯ ಸೀಳಿನಿಂದ ಜಾರಿ ಹೊರಗೇ ಕೂತಿದೆ. ಒಂದಂಗುಲವೂ ಮುಂದೆ ಹೋಗಿಲ್ಲ. ಮೂವತ್ತಾರು ಸಲ ಶಟರ್ ಬಿದ್ದದ್ದು ಒಂದೇ ಜಾಗದ ಮೇಲೆ. ರೀಲು ತುಂಬಿ ಲಿವರ್ ಎಳೆಯುವಾಗ ಎಡಗಡೆಯ ಹಿಂಸುತ್ತುವ ಗುಬ್ಬಿ ತಾನೂ ತಿರುಗುತ್ತಿದೆಯಾ ನೋಡು ಅಂತ ಹನ್ನೊಂದನೇ ವಯಸ್ಸಿನಲ್ಲಿ ಮಾವ ಹೇಳಿಕೊಟ್ಟ ಮೊದಲ ಪಾಠ. ನೆರಳಿನ ತತ್ವ ಎಲ್ಲ ತಲೆಯಲ್ಲಿತ್ತು, ಗುಬ್ಬಿ ನೋಡಲಿಲ್ಲ. ಡ್ವೇಯ್ರಾ ಹೇಗಿತ್ತೆಂದು ತಿಳಿಯಬೇಕಾದರೆ ನಮ್ಮನೆಯವರ ಫೋನು ನೋಡಿ. ನಲವತ್ತು ಚಿತ್ರಗಳಿವೆ, ಚೆನ್ನಾಗಿಯೂ ಇವೆ, ಅದರಲ್ಲಿ ಆರೇಳರಲ್ಲಿ ನಾನು ಖಾಲಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಗಂಭೀರವಾಗಿ ನಿಂತಿದ್ದೇನೆ.

ಒಂದು ಸಮಾಧಾನ, ಮುಂದೆ ಹೋಗದ ರೀಲು ಹಾಳಾಗಿರುವುದಿಲ್ಲ. ನಾಲಿಗೆ ಸರಿಯಾಗಿ ಸಿಕ್ಕಿಸಿ ಅದನ್ನೇ ಕೊನೇ ದಿನಕ್ಕೆ ಇಟ್ಟುಕೊಂಡೆ. ಎಂಟನೇ ಶೀಟು ಅದೇ.

ಮನೆಯಲ್ಲಿ ತೊಳೆದದ್ದರ ಬಗ್ಗೆ ಒಂದೆರಡು ಮಾತು. ಬಣ್ಣದ್ದನ್ನು ಲ್ಯಾಬಿಗೆ ಕೊಟ್ಟೆ, 38 ಡಿಗ್ರಿಯಲ್ಲಿ ಅರ್ಧ ಡಿಗ್ರಿ ಆಚೀಚೆ ಆಗದಂತೆ ಕಾಯುವ ತಾಳ್ಮೆ ನನಗಿಲ್ಲ. ಕಪ್ಪುಬಿಳುಪು ಮಾತ್ರ ಬಚ್ಚಲಲ್ಲೇ, ಡಿ-76 ಅನ್ನುವ ಡೆವಲಪರ್ ದ್ರಾವಣದಲ್ಲಿ. ಪುಸ್ತಕದಲ್ಲಿ 20 ಡಿಗ್ರಿ ಅಂತಿರುತ್ತದೆ, ನಮ್ಮ ನಲ್ಲಿ ನೀರು ಬೇಸಗೆಯಲ್ಲಿ 27, 28. ಐಸ್ ಹಾಕಿದ ಪಾತ್ರೆಯಲ್ಲಿ ಬಾಟಲಿ ಇಳಿಸಿ ಕಾಯುವುದು, ಅಷ್ಟೇ ಉಪಾಯ. ಮಳೆಗಾಲದಲ್ಲಿ ತೇವಕ್ಕೆ ರೀಲು ಉಬ್ಬಿ, ತೊಳೆಯುವ ಮೊದಲು ಅದನ್ನು ಸುತ್ತುವ ಪ್ಲಾಸ್ಟಿಕ್ ಸುರುಳಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಕತ್ತಲಲ್ಲಿ ಬೆವರುತ್ತ ಬಯ್ಯುತ್ತ ತಳ್ಳಬೇಕು. ಸುರುಳಿಯನ್ನು ಮೊದಲೇ ಹೇರ್ ಡ್ರೈಯರಿನಲ್ಲಿ ಒಣಗಿಸಿ. ಚಿತ್ರವನ್ನು ನಿಲ್ಲಿಸುವ ಹೈಪೋ ದ್ರಾವಣದ ವಾಸನೆ ಮನೆಯಲ್ಲಿ ಎರಡು ದಿನ ಇರುತ್ತದೆ. ನನಗದು ತೀರ್ಥಹಳ್ಳಿಯ ವಾಸನೆ, ಉಳಿದವರಿಗೆ ಕಿಟಕಿ ತೆರೆಯುವ ಕಾರಣ.

ಕೊನೇ ಚಿತ್ರ ಪರದೆಯ ಮೇಲೆ ಹಾಕುತ್ತಿದ್ದೇನೆ. ವ್ಯಾಲೆಟ್ಟಾದ ಅಪ್ಪರ್ ಬರ್ರಾಕ್ಕಾ ತೋಟ, ಕೆಳಗೆ ಮಹಾಬಂದರು. ಅಲ್ಲಿ ಮಧ್ಯಾಹ್ನ 12ಕ್ಕೂ ಸಂಜೆ 4ಕ್ಕೂ ತೋಪು ಹಾರಿಸುತ್ತಾರೆ. ನಾಲ್ಕರ ತೋಪು ಕೇಳಿ, ಜನ ಚದುರಿದ ಮೇಲೆ ಕಟಾಂಜನಕ್ಕೆ ಮೊಣಕೈ ಊರಿ ನಿಂತೆ. ಬಿಸಿಲು ನಮ್ಮ ಬೆನ್ನಿಗಿತ್ತು. ಎದುರಿಗೆ ಎಡಕ್ಕೆ ಸೇಂಟ್ ಆಂಜೆಲೊ ಕೋಟೆ, ಬಲಕ್ಕೆ ಸೆಂಗ್ಲಿಯಾ ಊರು. 50 ಮಿಲಿಮೀಟರ್ ಲೆನ್ಸಿಗೆ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ. ಜೋನ್ಸ್ ಪಾದ್ರಿಯ ಉಪಾಯ ಮಾಡಿದೆ. ಕೋಟೆಯ ಬುಡದ ನೆರಳಿಗೆ ಅಳತೆ ಹಿಡಿದು ಎಡಗಡೆಯದನ್ನು ಮೊದಲು ಒತ್ತಿದೆ, ಗುಬ್ಬಿ ತಿರುಗಿತಾ ನೋಡಿಕೊಂಡೆ, ಕ್ಯಾಮೆರಾ ಸ್ವಲ್ಪ ಬಲಕ್ಕೆ ಸರಿಸಿ ಎರಡನೆಯದನ್ನು ಒತ್ತಿದೆ. ಈ ಪ್ರಿಂಟು ಎರಡನ್ನೂ ಕತ್ತರಿಸಿ ಅಂಟಿಸಿದ್ದು, ನಡುವೆ ಗೆರೆ ಕಾಣುತ್ತದೆ, ಕ್ಷಮಿಸಿ.

ಗೆರೆಯ ಎಡಕ್ಕೆ ನೀರಿನ ಮೇಲೆ ಒಂದು ಸಣ್ಣ ದೋಣಿ ಇದೆ, ನೋಡಿದಿರಾ? ಎತ್ತಿದ ಮೂತಿಯ ದೋಣಿ, ಒಬ್ಬ ನಿಂತುಕೊಂಡು ನಡೆಸುತ್ತಿದ್ದಾನೆ. ಗೆರೆಯ ಬಲಕ್ಕೂ ಒಂದಿದೆ. ಎರಡು ದೋಣಿ ಅಲ್ಲ ಅದು. ನಾನು ಲಿವರ್ ಎಳೆದು, ಗುಬ್ಬಿ ನೋಡಿ, ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಅವನು ಅಲ್ಲಿಗೆ ಹೋಗಿಬಿಟ್ಟಿದ್ದ.

ಭೂತಗನ್ನಡಿ ಯಾರ ಹತ್ತಿರ ಇದೆ?